ಹಳೆಯ ಕಾರಿನ ಕೊರಳು

ಮನುಷ್ಯನನ್ನು ಮುಖ ನೋಡಿ ಗುರುತಿಸುವುದು ಲೋಕರೂಢಿ. ಆದರೆ ಕತ್ತಲೆಯಲ್ಲಿ ಬಾಗಿಲು ತಟ್ಟಿದವರು “ನಾನು” ಎಂದರೆ ಸಾಕು, ಆ “ನಾನು” ಯಾರೆಂಬುದು ತಿಳಿದುಹೋಗುತ್ತದೆ. ಮುಖಕ್ಕೆ ಬಣ್ಣ ಬಳಿಯಬಹುದು, ಕೊರಳಿಗೆ ಬಳಿಯಲಾಗದು. ಈ ಮಾತು ಹಳೆಯ ಮೋಟಾರು ಕಾರುಗಳಿಗೂ ಸಲ್ಲುತ್ತದೆಂದರೆ ವಾಚಕರು ನಗಬಹುದು. ಕನ್ನಡದ ಮೇಷ್ಟರಿಗೆ ಕಾರಿನ ಗೊಡವೆ ಏಕೆಂದೂ ಕೇಳಬಹುದು. ಛಂದಸ್ಸಿನ ಪಾಠ ಹೇಳುವವನಿಗೆ ಲಯದ ಗೊಡವೆ ಇಲ್ಲದಿದ್ದೀತೆ?

ಕಾರಿನ ದನಿಯೆಂಬುದು ಮೂಲತಃ ಲಯವೇ. ಸಿಲಿಂಡರಿನಲ್ಲಿ ಪೆಟ್ರೋಲು ಉರಿದು, ಹೊರಬಾಗಿಲು ತೆರೆದೊಡನೆ ಬಿಸಿ ಅನಿಲವು ರಭಸದಿಂದ ಕೊಳವೆಗೆ ನುಗ್ಗುತ್ತದೆ. ಒಂದೊಂದು ನುಗ್ಗೂ ಒಂದೊಂದು ಪೆಟ್ಟು. ಸಾಧಾರಣ ಕಾರಿನಲ್ಲಿ ಪ್ರತಿಯೊಂದು ಸಿಲಿಂಡರೂ ಎಂಜಿನ್ನಿನ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವಾಗ ನಾಲ್ಕು ಸಿಲಿಂಡರಿನ ಕಾರಿನಿಂದ ಸೆಕೆಂಡಿಗೆ 100 ಪೆಟ್ಟು. ಹನ್ನೆರಡು ಸಿಲಿಂಡರಿನದರಿಂದ 300. ಪೆಟ್ಟುಗಳು ಹೆಚ್ಚಿದಷ್ಟೂ ಒಂದಕ್ಕೊಂದು ಬೆಸೆದುಕೊಂಡು ಸ್ವರ ಮೇಲೇರುತ್ತದೆ. 1947ರಲ್ಲಿ ಫೆರಾರಿಯವರು ತಮ್ಮ ಹೆಸರಿನಲ್ಲಿ ಹೊರತಂದ ಮೊದಲ ಕಾರಿಗೇ 12 ಸಿಲಿಂಡರುಗಳಿದ್ದವು. ಆ ವಂಶದ ಕಾರುಗಳು ಗುಡುಗುವುದಿಲ್ಲ, ಹಾಡುತ್ತವೆ.

ಸಂಖ್ಯೆಯೊಂದೇ ಸಾಲದು, ಜೋಡಣೆಯೂ ಮುಖ್ಯ. 1932ರಲ್ಲಿ ಫೋರ್ಡ್ ಕಂಪೆನಿಯು ಸಾಮಾನ್ಯರ ಕೈಗೆಟುಕಿಸಿದ ವಿ-8 ಎಂಜಿನ್ನಿನಲ್ಲಿ ಸಿಲಿಂಡರುಗಳು ನಾಲ್ಕು ನಾಲ್ಕಾಗಿ ಎರಡು ಸಾಲು. ಒಟ್ಟಿನಲ್ಲಿ ಪೆಟ್ಟುಗಳ ನಡುವಣ ಅಂತರ ಸಮವೇ. ಆದರೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಂಬ ನಿಯಮ ಇಲ್ಲಿಲ್ಲ. ನಡುನಡುವೆ ಒಂದೇ ಸಾಲಿನಲ್ಲಿ ಎರಡು ಪೆಟ್ಟುಗಳು ಬೆನ್ನುಬೆನ್ನಿಗೆ ಬೀಳುತ್ತವೆ. ಆದ್ದರಿಂದ ಆಯಾ ಸಾಲಿನ ಕೊಳವೆಯಲ್ಲಿ ಲಯ ಏರುಪೇರಾಗುತ್ತದೆ. ಅಮೆರಿಕದ ಹಳೆಯ ಕಾರುಗಳ ಗುಡುಗುಡು ದನಿಯ ಗುಟ್ಟು ಇದೇ. ಭಾಮಿನಿ ಷಟ್ಪದಿಯ ಚೆಲುವು ಮೂರು ನಾಲ್ಕರ ಗಣಗಳ ಅಸಮತೆಯಿಂದಲೇ ಬಂದುದಲ್ಲವೆ?

ಇನ್ನು ಕೊಳವೆಯ ಮಾತು. ಕೊಳಲಿನಂತೆ ಇದರ ಉದ್ದ, ಅಗಲಗಳೂ ದನಿಯನ್ನು ಬದಲಿಸುತ್ತವೆ. ಸೈಲೆನ್ಸರಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರೊಳಗೆ ಅಡ್ಡಗೋಡೆಗಳುಳ್ಳ ಕೋಣೆಗಳು; ಶಬ್ದವು ಗೋಡೆಯಿಂದ ಗೋಡೆಗೆ ಬಡಿದು, ತನ್ನ ಪ್ರತಿಧ್ವನಿಯೊಡನೆಯೇ ಕಾದಾಡಿ ಸೋಲುತ್ತದೆ. ಇನ್ನೊಂದು ನೇರವಾದ ತೂತುಕೊಳವೆ. ಸುತ್ತಲೂ ಗಾಜಿನ ನಾರು. ಅದು ಕೀರಲನ್ನು ಹೀರಿ, ಮಂದ್ರವನ್ನು ಬಹುಮಟ್ಟಿಗೆ ಹಾಗೆಯೇ ಬಿಟ್ಟುಕೊಡುತ್ತದೆ. ಕೊಳವೆ ತುಕ್ಕು ಹಿಡಿದು ತೂತಾದರಂತೂ ಪಟಪಟ ಸದ್ದು ಬೀದಿಗೆಲ್ಲ ಕೇಳುತ್ತದೆ.

ಈ ವಿದ್ಯೆಯನ್ನು ನನಗೆ ಕಲಿಸಿದವರು ನನ್ನ ತಾತ. ಅವರ ಬಳಿ 1489 ಸಿ.ಸಿ. ಎಂಜಿನ್ನಿನ ಹಳೆಯ ಅಂಬಾಸಡರ್ ಇದ್ದಿತು. ಮುಪ್ಪಿನಲ್ಲಿ ಅವರಿಗೆ ದೃಷ್ಟಿ ಹೋಯಿತು. ಕಾರು ಕೊಟ್ಟಿಗೆ ಸೇರಿತು. ಜಗಲಿಯಲ್ಲಿ ಕುಳಿತು ಬೀದಿಯ ವಾಹನಗಳನ್ನು ಕಿವಿಯಿಂದಲೇ ನೋಡುತ್ತಿದ್ದರು. “ಅವನ ಗಾಡಿಯಲ್ಲಿ ಒಂದು ಸಿಲಿಂಡರು ಉರಿಯುತ್ತಿಲ್ಲ” ಎನ್ನುವರು. ತಾಳದಲ್ಲಿ ಒಂದು ಪೆಟ್ಟು ತಪ್ಪಿರುವುದು ಆಮೇಲೆ ನನಗೂ ಕೇಳಿಸುವುದು.

ಕೆಲವು ವರ್ಷಗಳ ಅನಂತರ ಸೋದರಮಾವ ಆ ಕಾರನ್ನು ದುರಸ್ತಿಗೆ ಕೊಟ್ಟರು. ಹೊಸ ಬಣ್ಣ, ಹೊಳೆಯುವ ಬಂಪರು, ನೋಡಿದವರೆಲ್ಲ ಹೊಗಳಿದರು. ಕಾರ್ಖಾನೆಯವನು ಯಾರೂ ಹೇಳದೆ ದಪ್ಪ ಕೊಳವೆಯನ್ನೂ ನೇರ ಸೈಲೆನ್ಸರನ್ನೂ ಕೂಡಿಸಿದ್ದನು. ಅಂಗಳದಲ್ಲಿ ಎಂಜಿನ್ನು ಗರ್ಜಿಸಿತು. ತಾತ ತಲೆಯೆತ್ತಿ ಕೇಳಿದರು: “ಯಾರ ಕಾರು ಬಂತು?”

ಯಾರೂ ಉತ್ತರಿಸಲಿಲ್ಲ. ನಾವು ಹೊಸದು ಮಾಡಿದ್ದ ಬಣ್ಣವೆಲ್ಲ ಅವರ ಪಾಲಿಗೆ ಇಲ್ಲದ್ದು. ಅವರ ಪಾಲಿಗೆ ಉಳಿದಿದ್ದುದು ದನಿಯೊಂದೇ, ಅದನ್ನೇ ಕಳೆದಿದ್ದೆವು. ಮಾವ ಮರುವಾರವೇ ಮೊದಲಿನ ಅಳತೆಯ ಕೊಳವೆಯನ್ನೂ ಕೋಣೆಗಳುಳ್ಳ ಸೈಲೆನ್ಸರನ್ನೂ ಹುಡುಕಿ ಹಾಕಿಸಿದರು. ಈ ಸಲ ತಾತ ಏನನ್ನೂ ಕೇಳಲಿಲ್ಲ. ಗಳಿಗೆ ಆಲಿಸಿ, “ಚೋಕ್ ಒಳಕ್ಕೆ ತಳ್ಳು, ಪೆಟ್ರೋಲು ಹೆಚ್ಚಾಗುತ್ತಿದೆ” ಎಂದರು. ಆಗ ಮಾವನ ಕಣ್ಣು ಒದ್ದೆಯಾಗಿದ್ದುದನ್ನು ಕಂಡೆ.

ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತಿತು. ಈಗ ಬರುತ್ತಿರುವ ವಿದ್ಯುತ್ ಕಾರುಗಳಿಗೆ ಹೊಗೆಯೂ ಇಲ್ಲ, ಹೊಗೆಕೊಳವೆಯೂ ಇಲ್ಲ. ಊರಿನ ಗಾಳಿಗೆ ಅದು ಒಳ್ಳೆಯದೇ, ದೂರುವುದು ತರವಲ್ಲ. ಆದರೂ ನಿಧಾನವಾಗಿ ಚಲಿಸುವಾಗ ಅವು ಕೃತಕ ದನಿಯನ್ನು ಹೊರಡಿಸಬೇಕೆಂದು ಯೂರೋಪಿನಲ್ಲಿ 2019ರಿಂದ ನಿಯಮ ಬಂದಿದೆ. ದಾರಿಹೋಕರಿಗೆ, ಅದರಲ್ಲೂ ಕಣ್ಣಿಲ್ಲದವರಿಗೆ, ಮೌನವೇ ಅಪಾಯವೆಂಬುದು ಅದರ ಕಾರಣ.

ಶ್ರೀರಂಗಪಟ್ಟಣದ ಸಮೀಪದ ‘ಪಯಣ’ದಂಥ ಸಂಗ್ರಹಾಲಯಗಳು ಹಳೆಯ ಕಾರುಗಳ ರೂಪವನ್ನು ಚೆನ್ನಾಗಿ ಕಾಪಾಡಿವೆ. ದನಿಯನ್ನು ಹಾಗೆ ನಿಲ್ಲಿಸಿಡಲಾಗದು; ಅದು ಓಡುವ ಕಾರಿನಲ್ಲಿ ಮಾತ್ರ ಬದುಕುತ್ತದೆ. ಮನೆಯ ಹಳೆಯ ಕಾರನ್ನು ಉಳಿಸಹೊರಟವರು ಬಣ್ಣದ ಡಬ್ಬಿಯನ್ನು ತೆರೆಯುವ ಮೊದಲು ಹೊಗೆಕೊಳವೆಯ ಅಳತೆಯನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.