ಮೇನೂತ್ ಪಕ್ಕದ ಕಲ್ಲಿನ ಕಣಿವೆಯಲ್ಲಿ ಒಂದು ಭಾನುವಾರ

ಮೇನೂತ್‌ನಿಂದ ಡಬ್ಲಿನ್‌ಗೆ ದಿನಾ ರೈಲಿನಲ್ಲಿ ಹೋಗಿಬರುವ ಕನ್ನಡಿಗರು ಈಗ ಕಡಿಮೆ ಏನಿಲ್ಲ. ಕಿಟಕಿ ಪಕ್ಕ ಕೂತರೆ ರಾಯಲ್ ಕಾಲುವೆ ನಮ್ಮ ಜೊತೆಗೇ ಬರುತ್ತೆ. ಬೆಳಿಗ್ಗೆ ಅರೆನಿದ್ದೆ, ಸಂಜೆ ಫೋನು, ಹಾಗಾಗಿ ಅದನ್ನ ನೋಡುವವರು ಕಮ್ಮಿ. ಐದು ವರ್ಷ ಪಕ್ಕದಲ್ಲೇ ಇದ್ದ ಆ ನೀರಿಗೆ ನಾವು ಇಳಿದದ್ದು ಕಳೆದ ಜೂನ್ ತಿಂಗಳ ಒಂದು ಭಾನುವಾರ. ನಾಲ್ಕು ಜನಕ್ಕೆ ಉಪಯೋಗ ಆಗಲಿ ಅಂತ ಅದರ ವಿಷಯ ಬರೀತಿದ್ದೀವಿ.

ಆಸೆ ಹುಟ್ಟಿಸಿದ್ದು ಅಮೆರಿಕದಿಂದ ಬಂದ ಫೋಟೋಗಳು. ನಮ್ಮ ಗುಂಪಿನ ಒಬ್ಬರ ಭಾವಮೈದುನ ಅರಿಜೋನಾದಲ್ಲಿದ್ದಾರೆ. ಮರುಭೂಮಿ ನಡುವೆ ಕೊಲೊರಾಡೊ ನದಿಯಲ್ಲಿ ಗೈಡ್ ಜೊತೆ ಕಯಾಕ್ ನಡೆಸಿ, ಆಮೇಲೆ ಕಣಿವೆಯೊಳಗೆ ನಡೆದು ಬಂದಿದ್ದರು. ಎರಡೂ ಕಡೆ ಕೆಂಪು ಬಂಡೆಯ ಗೋಡೆ, ನಡುವೆ ಹಸಿರು ನೀರು. ಆ ನದಿ ಕೊರೆದ ಗ್ರ್ಯಾಂಡ್ ಕ್ಯಾನ್ಯನ್ 446 ಕಿಲೋಮೀಟರ್ ಉದ್ದ, ಆಳ ಒಂದೂವರೆ ಕಿಲೋಮೀಟರಿಗೂ ಜಾಸ್ತಿ. 1869ರಲ್ಲಿ ನಾಲ್ಕು ದೋಣಿ ಕಟ್ಟಿಕೊಂಡು ಅದರೊಳಗೆ ಹೊರಟ ತಂಡದ ನಾಯಕ ಜಾನ್ ವೆಸ್ಲಿ ಪೊವೆಲ್ ಅವರಿಗೆ ಇದ್ದದ್ದು ಒಂದೇ ಕೈ; ಇನ್ನೊಂದು ಯುದ್ಧದಲ್ಲಿ ಹೋಗಿತ್ತು.

ನಾವೂ ಹೋಗೋಣ ಅಂತ ಎಲ್ಲರೂ ಎದ್ದು ನಿಂತರು. ಬಿ.ಕಾಂ. ಓದಿ ಇಪ್ಪತ್ತು ವರ್ಷದಿಂದ ಲೆಕ್ಕ ಬರೆಯುವವರು ನಾವು, ಎಸ್ಟಿಮೇಟ್ ನಮ್ಮ ಪಾಲಿಗೆ ಬಂತು. ಟಿಕೆಟ್ಟು, ವೀಸಾ, ಹೋಟೆಲ್ಲು ಸೇರಿಸಿ ಮೊತ್ತ ಓದಿದ ಮೇಲೆ ಎಲ್ಲರೂ ಸದ್ದಿಲ್ಲದೆ ಕೂತರು. ಆಗ ಮೈಸೂರಿನ ನರ್ಸ್ ಅಕ್ಕ ಕೇಳಿದರು: “ಇಲ್ಲೇ ಹತ್ತಿರ ಯಾವುದೂ ಇಲ್ವಾ?”

ಇತ್ತು. ಮರುಭೂಮಿ ಐರ್ಲೆಂಡಿನಲ್ಲಿ ಇಲ್ಲ, ಇಲ್ಲಿ ಇರೋದು ಮಳೆ. ಆದರೆ ಕಲ್ಲಿನ ಗೋಡೆಗಳ ನಡುವೆ ನೀರು ಹೋಗುವ ಜಾಗ ನಮ್ಮ ರೈಲು ದಾರಿಯಲ್ಲೇ ಇದೆ. ಕ್ಲಾನ್ಸಿಲ್ಲಾದಿಂದ ಕ್ಯಾಸಲ್‌ನಾಕ್ ಕಡೆಗೆ ಬರುವಾಗ ಕಾಲುವೆ ಕಪ್ಪು ಸುಣ್ಣಕಲ್ಲಿನ ಬಂಡೆಯನ್ನು ಸೀಳಿಕೊಂಡು ಹೋಗುತ್ತೆ. ಅದರ ಹೆಸರು ‘ಡೀಪ್ ಸಿಂಕಿಂಗ್’. ಆ ಕಣಿವೆ ಕೊರೆದದ್ದು ನದಿಯಲ್ಲ, ಕೂಲಿಯವರು. ಗುದ್ದಲಿ, ಸಲಿಕೆ, ಸಿಡಿಮದ್ದು ಅವರ ಸಾಮಾನು. ಬೆಳಿಗ್ಗೆ ಮೇನೂತ್‌ನಲ್ಲಿ ಕಯಾಕ್, ಮಧ್ಯಾಹ್ನ ಆ ಕಣಿವೆಯ ಮೇಲೆ ನಡಿಗೆ, ಗೈಡ್ ಸಮೇತ ತಲೆಗೆ 45 ಯೂರೋ ಅಂತ ಮಾತಾಯಿತು.

ಒಬ್ಬರು ಮಾತ್ರ ಒಪ್ಪಲಿಲ್ಲ. ಆನೆಗೊಂದಿ ಕಡೆಯ ತಮ್ಮ, ಗೋದಾಮಿನಲ್ಲಿ ರಾತ್ರಿ ಪಾಳಿ. ಬಂದು ಎಂಟು ತಿಂಗಳು. ಹೆಂಡತಿ, ಮಗಳು ಊರಲ್ಲಿ. “ಅಣ್ಣಾರ, ಊರಾಗ ಸಾಲ ಐತಿ. ನಾಕು ಸಾವಿರ ರೂಪಾಯಿ ಕೊಟ್ಟು ನಾ ಇಲ್ಲಿ ನೀರಾಗ ಆಡಕೋತ ಕುಂದರಲೇನ್ರಿ?” ಅಂದ. ಈ ಮಾತಿಗೆ ನಮ್ಮ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಇದನ್ನ ಓದುವ ಬಹಳ ಜನರ ಮನಸ್ಸಿನಲ್ಲೂ ಇದೇ ಪ್ರಶ್ನೆ ಇರುತ್ತೆ. ಕೊನೆಗೆ ಅಕ್ಕನೇ, “ಈ ಸಲ ನನ್ನ ಲೆಕ್ಕದಲ್ಲಿ ಬಾ, ನನಗೆ ನೀರು ಅಂದ್ರೆ ಭಯ, ಪಕ್ಕದಲ್ಲಿ ನಮ್ಮೋರು ಒಬ್ಬರು ಇರಲಿ” ಅಂದರು. ಅಕ್ಕನ ಮಾತು ತೆಗೆದುಹಾಕೋಕೆ ಅವನಿಗೆ ಆಗಲಿಲ್ಲ.

ಗೈಡ್ ಇಲ್ಲಿಯದೇ ಹುಡುಗಿ. ಮೊದಲ ಅರ್ಧ ಗಂಟೆ ನೀರಿಗೇ ಬಿಡಲಿಲ್ಲ. ಲೈಫ್ ಜಾಕೆಟ್ ಹಾಕಿಸಿ, ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು, ಗದ್ದದ ತನಕ ಬಂದರೆ ಇನ್ನೂ ಬಿಗಿ ಮಾಡಿದಳು. ದೋಣಿ ಮಗುಚಿದರೆ ಗಾಬರಿಯಾಗಬೇಡಿ, ಮೊದಲು ಉಸಿರು ಸರಿಮಾಡಿಕೊಳ್ಳಿ, ದೋಣಿ ಹಿಡ್ಕೊಳ್ಳಿ ಅಂತ ಮೂರು ಸಲ ಹೇಳಿದಳು. ಜೂನ್ ಆದರೂ ಇಲ್ಲಿನ ನೀರು ತಣ್ಣಗೆ ಕೊರೆಯುತ್ತೆ. ಏಕಾಏಕಿ ಬಿದ್ದರೆ ಈಜು ಬಂದವರಿಗೂ ಉಸಿರು ಹಿಡಿಯುತ್ತೆ.

ನೀರಿಗಿಳಿದ ಮೇಲೆ ನಾವೆಲ್ಲ ಗಿರಗಿರ ತಿರುಗಿದ್ದೇ ತಿರುಗಿದ್ದು. ಒಬ್ಬರು ಪೊದೆಗೆ, ಒಬ್ಬರು ದಡಕ್ಕೆ. ಆನೆಗೊಂದಿ ತಮ್ಮ ಮಾತ್ರ ನೆಟ್ಟಗೆ ಹೋಗಿ, ಅಕ್ಕನ ಪಕ್ಕ ದೋಣಿ ತಂದು ನಿಲ್ಲಿಸಿದ. ಅವನ ಅಜ್ಜ ತುಂಗಭದ್ರೆಯಲ್ಲಿ ಹರಿಗೋಲು ಹಾಕುತ್ತಿದ್ದವರಂತೆ. ಹರಿಗೋಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಅದನ್ನ ಬಂಡೆಗಳ ನಡುವೆ ದಾಟಿಸಿದವರ ಮನೆಯ ಹುಡುಗನಿಗೆ ಕಯಾಕ್ ಏನು ಕಷ್ಟ? ಹದಿನಾರನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಯಾತ್ರಿಕ ಪಾಯೆಸ್ ಕೂಡ ಆ ಬುಟ್ಟಿಯಂಥ, ಚರ್ಮ ಹೊದಿಸಿದ ದೋಣಿಗಳ ಬಗ್ಗೆ ಬರೆದಿದ್ದಾನೆ. ಇದನ್ನ ಹೇಳಿದಾಗ ಗೈಡ್ ಹುಡುಗಿ ಕಣ್ಣರಳಿಸಿದಳು. ನಮ್ಮ ಉತ್ತರಕ್ಕಿರುವ ಬಾಯ್ನ್ ನದಿಯಲ್ಲೂ ಹೇಜಲ್ ಕಡ್ಡಿ ಹೆಣೆದು ಎತ್ತಿನ ಚರ್ಮ ಹೊದಿಸಿದ ದೋಣಿಯಲ್ಲಿ ಸಾಲ್ಮನ್ ಮೀನು ಹಿಡಿಯುತ್ತಿದ್ದರಂತೆ. ಎಂಟು ತಿಂಗಳಲ್ಲಿ ಅವನ ಊರಿನ ವಿದ್ಯೆಯನ್ನ ಇಲ್ಲಿಯವರು ಯಾರಾದರೂ ಕೇಳಿ ತಿಳಿದುಕೊಂಡದ್ದು ಅದೇ ಮೊದಲು. ಅವನ ಮುಖ ನೋಡಬೇಕಿತ್ತು.

ದಡದಲ್ಲಿ ಚಿತ್ರಾನ್ನ, ಮೊಸರನ್ನ ಮುಗಿಸಿ ರೈಲು ಹತ್ತಿ ಕ್ಲಾನ್ಸಿಲ್ಲಾದಲ್ಲಿ ಇಳಿದೆವು. ಅಲ್ಲಿಂದ ನಡಿಗೆ. ದೋಣಿ ಎಳೆಯುವ ಕುದುರೆಗಳಿಗೆಂದು ಮಾಡಿದ್ದ ದಾರಿ ಅದು. ಡೀಪ್ ಸಿಂಕಿಂಗ್‌ನಲ್ಲಿ ದಾರಿ ಇಕ್ಕಟ್ಟಾಗಿ ಮೇಲಕ್ಕೇರುತ್ತೆ. ಕೆಲವು ಕಡೆ ನೀರಿಗಿಂತ ಸುಮಾರು 9 ಮೀಟರ್ ಎತ್ತರ. ಕೆಳಗೆ ಒಂದೇ ದೋಣಿ ಹಿಡಿಸುವಷ್ಟು ಕಿರಿದಾದ ಕಪ್ಪು ನೀರು, ಬಂಡೆಯಿಂದ ಜೋತಾಡುವ ಬಳ್ಳಿ, ಬೇರು. ಇದು ಬರೀ ಚೆಂದದ ಜಾಗ ಅಲ್ಲ. 1845ರ ನವೆಂಬರಿನಲ್ಲಿ ಇಲ್ಲೇ ಪ್ರಯಾಣಿಕರ ದೋಣಿ ದಡಕ್ಕೆ ತಗುಲಿ ವಾಲಿ ಮುಳುಗಿ, ಹತ್ತಕ್ಕೂ ಹೆಚ್ಚು ಜನ ಸತ್ತರು.

ಈ ಕಾಲುವೆಯ ಲೆಕ್ಕಪತ್ರವೂ ಓದುವಂಥದ್ದೇ. 1790ರಲ್ಲಿ ಕೆಲಸ ಶುರು. ಡ್ಯೂಕ್ ಆಫ್ ಲೀನ್‌ಸ್ಟರ್ ತನ್ನ ಮೇನೂತ್ ಮೇಲೇ ಹಾಯಬೇಕು ಅಂತ ಹಟ ಹಿಡಿದದ್ದಕ್ಕೆ ದಾರಿ ಬದಲಾಗಿ, ಲೀಕ್ಸ್‌ಲಿಪ್ ಹತ್ತಿರ ರೈ ಹೊಳೆಯ ಮೇಲೆ ದೊಡ್ಡ ಏರಿ ಕಟ್ಟಬೇಕಾಯಿತು. ಖರ್ಚು ಏರಿ ಏರಿ ಕಂಪನಿ ದಿವಾಳಿಯಾಯಿತು; ಸರ್ಕಾರ ಕೈಹಾಕಿ 1817ರಲ್ಲಿ ಶ್ಯಾನನ್ ನದಿಗೆ ಮುಟ್ಟಿಸಿತು. ಒಟ್ಟು 46 ಲಾಕ್, ಅಂದರೆ ದೋಣಿ ಹತ್ತಿಳಿಯುವ ನೀರಿನ ಮೆಟ್ಟಿಲು. ಬಿದ್ದ ಖರ್ಚು ಸುಮಾರು 14 ಲಕ್ಷ ಪೌಂಡ್. 1845ರಲ್ಲಿ ರೈಲ್ವೆ ಕಂಪನಿ ಕೊಂಡದ್ದು ಸುಮಾರು ಮೂರು ಲಕ್ಷಕ್ಕೆ, ಅದೂ ಪಕ್ಕದಲ್ಲಿ ಹಳಿ ಹಾಕುವ ಜಾಗಕ್ಕಾಗಿ. 1961ರಲ್ಲಿ ದೋಣಿ ಸಂಚಾರವೇ ಬಂದ್. ಪುಸ್ತಕದ ಪ್ರಕಾರ ಶುದ್ಧ ನಷ್ಟ. ಆದರೆ 1974ರಿಂದ ಊರವರು ಸಂಘ ಕಟ್ಟಿಕೊಂಡು ಹೂಳು ತೆಗೆದು, ಲಾಕ್ ರಿಪೇರಿ ಮಾಡುತ್ತಾ ಬಂದರು. 2010ರಲ್ಲಿ ಪೂರ್ತಿ ತೆರೆಯಿತು. ನಮ್ಮ ಕೆಲಸದ ಕಾಯಿದೆಯಲ್ಲಿ ಇಂಥ ಲಾಭಕ್ಕೆ ಕಾಲಂ ಇಲ್ಲ.

ಆಮೇಲೆ ಗೈಡ್ ಇನ್ನೊಂದು ಕಥೆ ಹೇಳಿದಳು. ಆಲೂಗಡ್ಡೆ ಬೆಳೆ ಕೊಳೆತ ಬರಗಾಲ. 1847ರ ಮೇ ತಿಂಗಳಲ್ಲಿ ಸ್ಟ್ರೋಕ್ಸ್‌ಟೌನ್ ಜಮೀನ್ದಾರನ 1,490 ಒಕ್ಕಲುಗಳನ್ನು ಎಬ್ಬಿಸಿ ಕೆನಡಾಕ್ಕೆ ಕಳಿಸಿದರು. ಗಂಡಸರು, ಹೆಂಗಸರು, ಮಕ್ಕಳು ಈ ಕಾಲುವೆ ದಡ ಹಿಡಿದು ಡಬ್ಲಿನ್ ತನಕ ನಡೆದರು. ಅಲ್ಲಿಂದ ಲಿವರ್‌ಪೂಲ್, ಅಲ್ಲಿಂದ ಹಡಗು. ಹಡಗಿನಲ್ಲಿ, ಇಳಿದ ಮೇಲೆ ಜ್ವರದಲ್ಲಿ, ಹೆಚ್ಚುಕಡಿಮೆ ಅರ್ಧ ಜನ ಸತ್ತರು. ಅವರ ನೆನಪಿಗೆ ಈ ದಾರಿಯಲ್ಲಿ 30ಕ್ಕೂ ಹೆಚ್ಚು ಕಡೆ ಮಕ್ಕಳ ಕಂಚಿನ ಬೂಟುಗಳನ್ನು ಇಟ್ಟಿದ್ದಾರೆ.

ನಾವು ಯಾರೂ ಮಾತಾಡಲಿಲ್ಲ. ಆನೆಗೊಂದಿ ತಮ್ಮ ಸ್ವಲ್ಪ ಹಿಂದೆ ನಿಂತ. “ಪಾಪ, ಇವರಿಗೆ ಮನಿಗೆ ಫೋನ್ ಮಾಡಾಕೂ ಆಗಿದ್ದಿಲ್ಲ” ಅಂತ ಫೋನ್ ತೆಗೆದ. ಊರಲ್ಲಿ ಆಗ ರಾತ್ರಿ ಏಳೂವರೆ. ಮಗಳಿಗೆ ಬಂಡೆ, ನೀರು, ಕಾಲುವೆ, ನಮ್ಮನ್ನೆಲ್ಲ ತೋರಿಸಿದ. ಹೆಂಡತಿ ಅಂದದ್ದು ನಮ್ಮ ಕಿವಿಗೂ ಬಿತ್ತು: “ಇಷ್ಟ್ ದಿನ ಬರೇ ರೂಮಿನ ಗ್ವಾಡಿ ತೋರಿಸ್ತಿದ್ರಿ. ಅಲ್ಲಿ ಹೆಂಗದಾರೋ ಏನೋ ಅಂತ ನಮಗ ನಿದ್ದಿ ಇರಲಿಲ್ರೀ.” ಆ ನಾಲ್ಕು ಸಾವಿರದ ಸುದ್ದಿ ಅವರು ಕೇಳಲೇ ಇಲ್ಲ.

ಅವನು ಕೇಳಿದ ಪ್ರಶ್ನೆಗೆ ನಮ್ಮಿಂದ ಬರದ ಉತ್ತರ ಊರಿಂದ ಬಂತು. ದುಡ್ಡು ಕಳಿಸೋದು ಕರ್ತವ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಊರಲ್ಲಿರುವವರು ಕಾಯೋದು ಬ್ಯಾಂಕಿನ ಮೆಸೇಜಿಗೆ ಮಾತ್ರ ಅಂದುಕೊಳ್ಳಬೇಡಿ. ನಾವು ಇಲ್ಲಿ ಮನುಷ್ಯರ ಹಾಗೆ ಇದ್ದೀವಿ ಅನ್ನೋ ಸುದ್ದಿಯೂ ಅವರಿಗೆ ಬೇಕು. ಅದಕ್ಕೆ ತಿಂಗಳ ಬಜೆಟ್ಟಿನಲ್ಲಿ ಐದೋ ಹತ್ತೋ ಯೂರೋ ಬೇರೆ ತೆಗೆದಿಡಿ. ಅಷ್ಟೂ ಕಷ್ಟ ಅಂದರೆ ನಡಿಗೆಗೆ ದುಡ್ಡು ಬೇಡ: ಮೇನೂತ್‌ನಿಂದ ಲಾಂಗ್‌ಫರ್ಡ್ ಕಡೆಯ ಕ್ಲೂನ್‌ಡರಾ ತನಕ 130 ಕಿಲೋಮೀಟರ್ ಗ್ರೀನ್‌ವೇ 2021ರಿಂದ ತೆರೆದಿದೆ, ಎಷ್ಟು ಬೇಕೋ ಅಷ್ಟು ನಡೆದು ರೈಲಿನಲ್ಲಿ ವಾಪಸ್ ಬರಬಹುದು.

ನೀರಿಗೆ ಇಳಿಯುವವರು ಗೈಡ್ ಇಲ್ಲದೆ ಇಳಿಯಬೇಡಿ, ಈಜು ಬಂದರೂ ಲೈಫ್ ಜಾಕೆಟ್ ಬಿಚ್ಚಬೇಡಿ, ಲಾಕ್‌ಗಳ ಒಳಗೆ ಆಡಬೇಡಿ. ಒಂದು ಜೊತೆ ಒಣ ಬಟ್ಟೆ, ಫ್ಲಾಸ್ಕಿನಲ್ಲಿ ಕಾಫಿ ಇರಲಿ. ಏನಾದರೂ ಆದರೆ 112. ಡೀಪ್ ಸಿಂಕಿಂಗ್‌ನಲ್ಲಿ ಮಕ್ಕಳ ಕೈ ಹಿಡಿದೇ ನಡೆಯಿರಿ; ಮಳೆ ಬಂದ ದಿನ ಆ ದಾರಿ ಜಾರುತ್ತೆ.

ಆಗಸ್ಟಿನಲ್ಲಿ ಮತ್ತೆ ಹೋಗ್ತಿದ್ದೀವಿ. ಈ ಸಲ ಹೆಸರು ಬರೆದುಕೊಳ್ಳುವ ಕೆಲಸ ಆನೆಗೊಂದಿ ತಮ್ಮನೇ ವಹಿಸಿಕೊಂಡಿದ್ದಾನೆ. ಅಕ್ಕನ 45 ಯೂರೋ ಎರಡು ಕಂತಿನಲ್ಲಿ ವಾಪಸ್ ಕೊಟ್ಟ. ಅಕ್ಕ ಬೇಡ ಅಂದರೂ ಕೇಳಲಿಲ್ಲ.