ಹೆಸರು ಬೇರೆ, ಹಾದಿ ಒಂದೇ



ವ್ಯಾಧಿಸ್ಥರಿಗಾಗಿ ಪ್ರಾರ್ಥಿಸುವಾಗ ನಾವು ಕ್ಯಾನ್ಸರನ್ನು ಅಂಗದ ಹೆಸರಿನಿಂದಲೇ ಗುರುತಿಸುತ್ತೇವೆ. ಒಬ್ಬರದು ಸ್ತನದ್ದು, ಇನ್ನೊಬ್ಬರದು ಜಠರದ್ದು, ಮತ್ತೊಬ್ಬರದು ಕರುಳಿನದ್ದು. ನಮ್ಮ ಧರ್ಮಕೇಂದ್ರದ ಯುವತಿಯೊಬ್ಬಳು ಬಲಿಪೂಜೆಯ ಬಳಿಕ ಕಳವಳದಿಂದ ಕೇಳಿದಳು: "ಅಪ್ಪನಿಗಿರುವುದು ಜಠರದ ಕ್ಯಾನ್ಸರ್. ಕೊಡುತ್ತಿರುವುದು ಸ್ತನ ಕ್ಯಾನ್ಸರಿನ ಮದ್ದಂತೆ. ಚೀಟಿ ತಪ್ಪಿರಬಹುದೇ?"

ಚೀಟಿ ತಪ್ಪಿರಲಿಲ್ಲ. ಜೀವಕೋಶದ ಮೇಲ್ಮೈಯಲ್ಲಿ ಹರ್-2 ಎಂಬ ಪ್ರೋಟೀನ್ ಉಂಟು. ಬೆಳೆಯಬೇಕೆಂಬ ಸಂದೇಶವನ್ನು ಕೋಶದೊಳಕ್ಕೆ ದಾಟಿಸುವಲ್ಲಿ ಅದಕ್ಕೆ ಪಾತ್ರವಿದೆ. ಅದು ಮಿತಿಮೀರಿ ಹೆಚ್ಚಿದಾಗ ಆ ಸಂದೇಶ ನಿಲ್ಲುವುದೇ ಇಲ್ಲ. ಸ್ತನವಿರಲಿ, ಜಠರವಿರಲಿ, ಈ ಕೆಡುಕು ಒಂದೇ. ಅದನ್ನು ತಡೆಯುವ ಟ್ರಾಸ್ಟುಜುಮಾಬ್ 1998ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರಿಗೆ ಅನುಮೋದನೆ ಪಡೆಯಿತು. 2010ರಲ್ಲಿ ಹರ್-2 ಹೆಚ್ಚಿರುವ ಜಠರ ಕ್ಯಾನ್ಸರಿಗೂ ದೊರೆಯಿತು. ಉಲ್ಬಣಿಸಿದ ಜಠರ ಕ್ಯಾನ್ಸರಿನವರ ಮೇಲೆ ನಡೆದ ಪ್ರಯೋಗದಲ್ಲಿ, ಕಿಮೋಥೆರಪಿಯೊಂದಿಗೆ ಇದನ್ನೂ ಪಡೆದವರ ಮಧ್ಯಮ ಆಯುಷ್ಯ 11.1 ತಿಂಗಳಿನಿಂದ 13.8 ತಿಂಗಳಿಗೆ ಏರಿತು. ಇಷ್ಟೇಯೇ ಎನ್ನಬೇಡಿ. ಆ ಅವಧಿಯೊಳಗೆ ಮನೆಯೊಂದರಲ್ಲಿ ಮಗಳ ಮದುವೆ ನಡೆದೀತು.

2018ರಲ್ಲಿ ವಿಜ್ಞಾನಿಗಳು 33 ಬಗೆಯ ಕ್ಯಾನ್ಸರಿನ 9,125 ಗಡ್ಡೆಗಳನ್ನು ಪರಿಶೀಲಿಸಿ, ಕೋಶದೊಳಗಿನ ಕೇವಲ 10 ಸಂದೇಶಮಾರ್ಗಗಳನ್ನು ಹಿಡಿದು ನೋಡಿದರು. ಶೇಕಡಾ 89 ಗಡ್ಡೆಗಳಲ್ಲಿ ಇವುಗಳಲ್ಲೊಂದಾದರೂ ಕೆಟ್ಟಿತ್ತು. ಕೊರಿಂಥದ ಸಭೆಗೆ ಅಂಗಾಂಗಗಳ ಉಪಮೆಯನ್ನು ಬರೆದಾಗ ಸಂತ ಪೌಲರ ಮನಸ್ಸಿನಲ್ಲಿದ್ದುದು ಬೇರೆಯೇ ವಿಷಯ. ಆದರೂ ಈ ಅಂಕಿಗಳನ್ನು ಓದುವಾಗ ನನಗೆ ಆ ಪತ್ರ ನೆನಪಾಯಿತು.

ಹಾಗೆಂದು ಅಂಗದ ಹೆಸರು ನಿರರ್ಥಕವಲ್ಲ. ಬಿರಾಫ್ ಎಂಬ ಜೀನಿನ ಒಂದು ದೋಷ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲಿಯೂ ದೊಡ್ಡಕರುಳಿನ ಕ್ಯಾನ್ಸರಿನಲ್ಲಿಯೂ ಕಾಣುತ್ತದೆ. 2011ರಲ್ಲಿ ಬಂದ ವೆಮುರಾಫೆನಿಬ್ ಚರ್ಮದ ಗಡ್ಡೆಗಳನ್ನು ಕುಗ್ಗಿಸಿತು. ಕರುಳಿನಲ್ಲಿ ಬಹುಮಟ್ಟಿಗೆ ಸೋತಿತು. ಒಂದು ಬಾಗಿಲು ಮುಚ್ಚಿದೊಡನೆ ಕರುಳಿನ ಕೋಶ ಇಜಿಎಫ್‌ಆರ್ ಎಂಬ ಇನ್ನೊಂದು ಬಾಗಿಲನ್ನು ತೆರೆಯುತ್ತಿತ್ತೆಂಬುದು 2012ರಲ್ಲಿ ತಿಳಿಯಿತು. ಎರಡನ್ನೂ ಒಟ್ಟಿಗೆ ತಡೆಯುವ ಮದ್ದುಗಳ ಜೋಡಿಗೆ ಅಮೆರಿಕದಲ್ಲಿ ಅನುಮೋದನೆ ದೊರೆತದ್ದು 2020ರಲ್ಲಿ.

ನಿಮ್ಮ ಮನೆಯಲ್ಲಿ ಈ ಕಾಯಿಲೆಯವರಿದ್ದರೆ, ನೆರೆಯವರಿಗೆ ಕೊಟ್ಟ ಮದ್ದಿನೊಡನೆ ಹೋಲಿಸಿ ಕೊರಗಬೇಡಿ. ಗಡ್ಡೆಯ ತುಣುಕಿನ ಮೇಲೆ ಯಾವ ಯಾವ ಪರೀಕ್ಷೆಗಳಾಗಿವೆಯೆಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ. ಮೇಣದಲ್ಲಿ ಹುದುಗಿಸಿದ ಆ ತುಣುಕನ್ನು ಪ್ರಯೋಗಾಲಯದವರು ಕಾದಿಟ್ಟಿರುತ್ತಾರೆ. ಬೇರೆ ಆಸ್ಪತ್ರೆಗೆ ಹೋಗಬೇಕಾದಾಗ ವರದಿಯೊಂದಿಗೆ ಅದನ್ನೂ ಕೇಳಿ ಪಡೆಯಿರಿ.