ನೇತ್ರಾವತಿಯ ನೆರೆ ಮತ್ತು ಬಂಟ್ವಾಳದ ಪೇಟೆ

1974ನೆಯ ಇಸವಿಯ ಜುಲೈ 26ರಂದು ನೇತ್ರಾವತಿಯ ನೆರೆನೀರು ಬಂಟ್ವಾಳ ಪೇಟೆಯ ಬೀದಿಯನ್ನೇರಿ ಅಂಗಡಿಗಳ ಹೊಸ್ತಿಲನ್ನು ದಾಟಿದಾಗ, ಅಡಿಕೆ ಅಕ್ಕಿಗಳ ವ್ಯಾಪಾರದ ಮಳಿಗೆಯೊಂದರಲ್ಲಿ ಗುಮಾಸ್ತನಾಗಿದ್ದ ನಾನು ಧಣಿಗಳೊಡನೆ ಅಟ್ಟವನ್ನು ಸೇರಿ, ನೀರಿಳಿಯುವುದನ್ನೇ ನಿರೀಕ್ಷಿಸುತ್ತ ಕುಳಿತಿರಬೇಕಾಯಿತು. ಗೋಣಿಗಳನ್ನು ಹೊರಲು ನಾವು ಆತುರಪಡುತ್ತಿದ್ದಾಗ ಧಣಿಗಳು, “ಮೊದಲು ಕಿರ್ದಿ ಪುಸ್ತಕ ಮೇಲೆ ಹೋಗಲಿ ಮಾರಾಯ, ಅಕ್ಕಿ ಹೋದರೆ ಒಂದು ವರ್ಷದ ನಷ್ಟ, ಲೆಕ್ಕ ಹೋದರೆ ಮೂರು ತಲೆಮಾರಿನದ್ದು” ಎಂದು ಗದರಿದ್ದರು.

ಆ ಅಟ್ಟವಾದರೋ ಆಪತ್ಕಾಲಕ್ಕೆಂದೇ ಕಟ್ಟಿದ್ದು. ದಪ್ಪ ತೊಲೆಗಳ ಮೇಲೆ ಹಲಗೆ ಹಾಸಿ, ನಡುವೆ ಗೋಣಿ ಹಿಡಿಸುವಷ್ಟು ಕಂಡಿ ಬಿಟ್ಟು, ಮೇಲೊಂದು ರಾಟೆಯನ್ನು ತೂಗಹಾಕಿದ್ದ ಹಿರಿಯರು 1923ರ ಮಾರಿಬೊಳ್ಳವೆಂಬ ಮಹಾನೆರೆಯನ್ನು ಕಂಡವರು. ಕುದುರೆಮುಖದ ಬೆಟ್ಟಸಾಲಿನಿಂದಿಳಿದ ನೇತ್ರಾವತಿಗೆ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯೂ ಕೂಡುವುದರಿಂದ, ಘಟ್ಟದಲ್ಲಿ ಸುರಿದ ಮಳೆಯ ಸಮಾಚಾರ ಬಂಟ್ವಾಳಕ್ಕೆ ತಲಪುವುದು ನೀರಿನ ರೂಪದಲ್ಲಿಯೇ ಎಂಬುದನ್ನು ಅವರು ಬಲ್ಲವರಾಗಿದ್ದರು.

ನಮ್ಮೊಡನೆ ಅಟ್ಟವೇರಿದ್ದ ಮುದುಕನೊಬ್ಬ ಹಿಂದೆ ದೋಣಿಯವನಾಗಿದ್ದವನು. ಕಿಟಕಿಯ ಸರಳು ಹಿಡಿದು ಹೊಳೆಯನ್ನೇ ನೋಡುತ್ತಿದ್ದ ಅವನು, “ಏರುವ ನೀರು ಕಸವನ್ನು ದಡಕ್ಕೆ ದೂಡುತ್ತದೆ, ಇಳಿಯುವ ನೀರು ನಡುವಿಗೆ ಎಳೆದುಕೊಳ್ಳುತ್ತದೆ, ಇನ್ನೂ ದಡದಲ್ಲೇ ಉಂಟು ನೋಡಿ” ಎಂದ. ಬಾಳೆಗಿಡ, ತೆಂಗಿನ ಮಡಲು, ಯಾರದೋ ಕೊಟ್ಟಿಗೆಯ ಮುಳಿಹುಲ್ಲಿನ ಮಾಡು, ಎಲ್ಲವೂ ಗೋಡೆಗಳನ್ನು ಉಜ್ಜಿಕೊಂಡೇ ಸಾಗುತ್ತಿದ್ದವು. ಕೆಳಗೆ ಉಳಿದುಹೋದ ಅಕ್ಕಿಯ ಗೋಣಿಗಳು ನೆನೆದು, ಉಬ್ಬಿ, ಹೊಲಿಗೆ ಬಿರಿಯುತ್ತಿದ್ದವು.

ಕತ್ತಲೆಯಲ್ಲಿ ನಿದ್ದೆ ಬಾರದೆ ಆ ಮುದುಕ ಹೇಳುತ್ತ ಹೋದುದೆಲ್ಲ ಹೊಳೆಯ ವ್ಯಾಪಾರದ ಕಥೆ. ಚಾರ್ಮಾಡಿ ಘಾಟಿಯನ್ನಿಳಿದು ಬೆಳ್ತಂಗಡಿಯ ಮಾರ್ಗವಾಗಿ ಎತ್ತಿನ ಗಾಡಿಗಳಲ್ಲಿ ಬರುತ್ತಿದ್ದ ಮೈಸೂರು ಸೀಮೆಯ ಕಾಫಿ, ಸುತ್ತಲಿನ ಮಾಗಣೆಗಳ ಅಡಿಕೆ, ಮೆಣಸು, ಅಕ್ಕಿಗಳು ಇಲ್ಲಿಯ ಕಟ್ಟೆಗಳಲ್ಲಿ ದೋಣಿಗೇರಿ ಮಂಗಳೂರಿನ ಬಂದರಿಗಿಳಿಯುತ್ತಿದ್ದುವಂತೆ. ಮರಳುವಾಗ ಅದೇ ದೋಣಿಗಳಲ್ಲಿ ಉಪ್ಪು, ಒಣಮೀನು, ಅರಿವೆ. ಪೇಟೆಯ ಬೀದಿ ಹೊಳೆಗೆ ಅಷ್ಟು ಅಂಟಿಕೊಂಡಿರುವುದು ಅವಿವೇಕದಿಂದಲ್ಲ. ಹೊಳೆಯೇ ಆಗಿನ ರಾಜಮಾರ್ಗವಾಗಿತ್ತು.

ಮುಂಜಾವಿನಲ್ಲಿ ಕಸವು ನಡುಹೊಳೆಗೆ ಸರಿಯಿತು. ನೀರಿಳಿದ ಮೇಲೆ ಗೋಡೆಗಳಿಗೆ ಅಂಟಿದ್ದ ಕೆಂಪು ಗೊಸರನ್ನು ಕೆರೆದು ತೆಗೆದೆವು. ಒದ್ದೆಯಾದ ಚಾಲಿ ಅಡಿಕೆಯನ್ನು ಹರವೋಣವೆಂದರೆ ಆಟಿಯ ತಿಂಗಳಲ್ಲಿ ಬಿಸಿಲೆಲ್ಲಿಯದು? ಬೂಷ್ಟು ಹಿಡಿದು ಹೋಯಿತು.

ಬಂಟ್ವಾಳದ ಪೇಟೆ ಆ ನೆರೆಯಿಂದಲೇ ಸೊರಗಿತೆಂದು ಹೇಳುವವರುಂಟು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಲಾರಿಗಳು ಬಂದು ದೋಣಿಗಳು ಕಟ್ಟೆಯಲ್ಲಿಯೇ ಲಡ್ಡಾದುದು ಅದಕ್ಕೆ ಮುನ್ನವೇ. ಅಡಿಕೆಯ ಬೆಳೆಗಾರರು ತಮ್ಮದೇ ಕ್ಯಾಂಪ್ಕೊ ಸಂಸ್ಥೆಯನ್ನು ಮಂಗಳೂರಿನಲ್ಲಿ ಸ್ಥಾಪಿಸಿದ್ದು 1973ರಲ್ಲಿ. ಹೆದ್ದಾರಿ ಹಾಯುವ ಬಿ.ಸಿ. ರೋಡು ಹಿಂದೆ ಬರಿಯ ಕವಲುದಾರಿಯಾಗಿದ್ದುದು, ಬಸ್ಸು, ಕಚೇರಿ, ಬ್ಯಾಂಕುಗಳನ್ನೆಲ್ಲ ಒಂದೊಂದಾಗಿ ತನ್ನತ್ತ ಸೆಳೆದುಕೊಂಡಿತು. ವರ್ತಕರು ಅಲ್ಲಿಗೆ ಹೋಗಲು ಮನಸ್ಸು ಮಾಡಿಯೇ ಇದ್ದರು. ನೆರೆ ಅವರಿಗೊಂದು ಮರ್ಯಾದೆಯ ನೆಪವನ್ನು ಒದಗಿಸಿತು, ಅಷ್ಟೆ. ನಮ್ಮ ಧಣಿಗಳು ಮಾತ್ರ ಕದಲಲಿಲ್ಲ. ಮೂಡುಬಿದಿರೆಯ ಕಡೆಯ ಹಳೆಯ ಗಿರಾಕಿಗಳು ಅಂಗಡಿ ಹುಡುಕಿಕೊಂಡು ಬಂದರೆ ಬಾಗಿಲು ಮುಚ್ಚಿರಬಾರದೆಂಬುದು ಅವರ ವಾದ. ಅಂಥ ಗಿರಾಕಿಗಳು ಬರಬರುತ್ತ ವಿರಳರಾದರು, ಮಕ್ಕಳು ಬೇರೆ ಉದ್ಯೋಗ ಹಿಡಿದರು.

2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು ಮಾರ್ಗ ಮುಚ್ಚಿ, ಬೆಳ್ತಂಗಡಿಯ ಹಳ್ಳಿಗಳೂ ಬಂಟ್ವಾಳದ ತಗ್ಗುಗಳೂ ಮತ್ತೆ ಮುಳುಗಿದಾಗ, ಹೊಳೆಯ ಮಟ್ಟವನ್ನು ಮೀಟರುಗಳಲ್ಲಿ ಹೇಳುವ ಸಂದೇಶಗಳು ಎಲ್ಲರ ಮೊಬೈಲುಗಳಲ್ಲಿ ಓಡಾಡುತ್ತಿದ್ದವು. ನನ್ನ ಪರಿಚಯದ ತರುಣ ವ್ಯಾಪಾರಿಯೊಬ್ಬನಿಗೂ ಸಂದೇಶ ವೇಳೆಗೆ ಸರಿಯಾಗಿಯೇ ಬಂದಿತ್ತು. ಆದರೆ ಹಳೆಯ ಅಟ್ಟವನ್ನು ಕೀಳಿಸಿ ಕಟ್ಟಿಸಿದ ಅವನ ಕಾಂಕ್ರೀಟು ಅಂಗಡಿಯಲ್ಲಿ ಸಾಮಾನು ಏರಿಸಲು ಮೇಲೆ ಸ್ಥಳವಿರಲಿಲ್ಲ.